ಕಿವಿಯ ಒರೆಗಲ್ಲು

ಇಳಕಲ್ ಸೀರೆ ಕೊಳ್ಳುವ ಹೆಂಗಸು ಸೆರಗು ಬಿಡಿಸಿ ನೋಡುತ್ತಾಳೆ, ಅಂಚನ್ನು ಬೆರಳಿನಿಂದ ಉಜ್ಜುತ್ತಾಳೆ, ಅಂಗಡಿಯ ದೀಪವನ್ನು ನಂಬದೆ ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತಾಳೆ. ಅಂಥ ಹಲವು ಸೀರೆಗಳ ಬೆಲೆ ಬಾಳುವ ಹೆಡ್‌ಫೋನನ್ನು ಮಾತ್ರ ನಾವು ಇನ್ನೊಬ್ಬರ ವಿಮರ್ಶೆ ಓದಿ ಕೊಳ್ಳುತ್ತೇವೆ. ನಗರದ ದೊಡ್ಡ ಅಂಗಡಿಯೊಂದರಲ್ಲಿ ಕೇಳಿ ನೋಡುತ್ತೇನೆಂದರೆ, ಸೀಲು ಒಡೆಯುವಂತಿಲ್ಲ ಎಂದುಬಿಟ್ಟರು.

ಆ ವಿಮರ್ಶೆಗಳ ಭಾಷೆಯೇ ಒಂದು ವಿಚಿತ್ರ. ಒಂದರ ದನಿ 'ಬೆಚ್ಚಗೆ', ಇನ್ನೊಂದರದು 'ಹೊಳಪು', ಮತ್ತೊಂದರದು 'ಮುಸುಕು ಹೊದ್ದಂತೆ'. ಎಲ್ಲವೂ ಚರ್ಮದಿಂದ, ಕಣ್ಣಿನಿಂದ ಎರವಲು ತಂದ ಮಾತುಗಳು. ದನಿಯ ಗುಣ ಹೇಳಲು ನಮ್ಮಲ್ಲಿ ಪದಗಳಿಗೇನು ಬರವೇ? ಕೀರಲು, ಗೊಗ್ಗರು, ಒಡಕು, ಕಂಚಿನ ಕಂಠ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಆದರೆ ಪದ ಯಾವುದೇ ಇರಲಿ, ಅದರ ಹಿಂದೆ ಇಂಥ ಹಾಡಿನ ಇಂಥ ಜಾಗದಲ್ಲಿ ಹೀಗೆ ಕೇಳಿತು ಎಂಬ ಸಾಕ್ಷಿ ಇರಬೇಕು. ಸಾಕ್ಷಿಯಿಲ್ಲದ ವಿಮರ್ಶೆ ಜಾಹೀರಾತಿನ ತಂಗಿ.

ನನಗೆ ಇದು ಶೋಕಿಯ ಮಾತಲ್ಲ. ಎಳೆಯ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ; ವಯಸ್ಸಾದಂತೆ ಮೊದಲು ಸವೆಯುವುದು ಮೇಲಿನ ತುದಿ. ಐವತ್ತು ದಾಟಿದ ನನ್ನ ಕಿವಿಯ ಪರೀಕ್ಷೆಯ ಗೆರೆ ಬಲಗಡೆಗೆ ಸ್ವಲ್ಪ ಇಳಿದಿದೆ. ತಂಬೂರಿಯ ಝೇಂಕಾರ ಇನ್ನೆಷ್ಟು ವರ್ಷ ಪೂರ್ತಿಯಾಗಿ ಸಿಕ್ಕೀತೋ! ಕೂಡಿಟ್ಟ ಹಣವನ್ನು ಇಪ್ಪತ್ತರ ಹುಡುಗನ ಕಿವಿಯ ತೀರ್ಪಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ತನ್ನದನ್ನೂ ಗೆಳೆಯರದನ್ನೂ ಕೂಡಿಸಿ ಮೂರನ್ನು ಮುಂದಿಟ್ಟ. ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 600, 1997ರಲ್ಲಿ ಬಂದದ್ದು. ಅದರ ತಮ್ಮ ಎಚ್‌ಡಿ 650, 2003ರದು. ಬೇಯರ್‌ಡೈನಮಿಕ್ ಡಿಟಿ 990 ಪ್ರೊ. ಮೂರೂ ಬೆನ್ನು ತೆರೆದ ಜಾತಿಯವು. ಒಳಗಿನ ಹಾಡು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ಸೆನ್‌ಹೈಸರ್‌ಗಳ ರೋಧ 300 ಓಮ್, ಬೇಯರ್‌ನದು 250. ಬರಿಯ ಫೋನಿಗೆ ಸಿಕ್ಕಿಸಿದರೆ ಸೊರಗುತ್ತವೆ, ಆಂಪ್ಲಿಫೈಯರ್ ಬೇಕು. ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉತ್ತರಪತ್ರಿಕೆ ತಿದ್ದುವವರಿಗೆ ಒಂದು ಸಂಗತಿ ಗೊತ್ತು: ಅಕ್ಷರ ದುಂಡಗಿದ್ದರೆ ಕೈ ತಾನಾಗಿ ಎರಡು ಅಂಕ ಹೆಚ್ಚು ಹಾಕುತ್ತದೆ. ಹೆಡ್‌ಫೋನಿನಲ್ಲಿ ಆ ದುಂಡಕ್ಷರದ ಕೆಲಸ ಮಾಡುವುದು ಗಟ್ಟಿತನ. ಗುಂಡಿಯನ್ನು ಒಂದೇ ಕಡೆ ನಿಲ್ಲಿಸಿದರೂ ಒಂದು ಜೋರಾಗಿ, ಒಂದು ಮೆಲ್ಲಗೆ ನುಡಿಯುತ್ತದೆ; ಜೋರಾದದ್ದೇ ಚೆನ್ನ ಎನಿಸುತ್ತದೆ. ಮೆಲ್ಲಗೆ ಕೇಳಿದಾಗ ಮಂದ್ರವೂ ತಾರವೂ ಕಿವಿಗೆ ಇನ್ನಷ್ಟು ಕುಗ್ಗುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಪ್ರತಿ ಸಲ ಬದಲಿಸಿದಾಗಲೂ ಗಟ್ಟಿತನವನ್ನು ಸರಿಹೊಂದಿಸಿ, ಅದೇ ಹಾಡಿನ ಅದೇ ತುಣುಕನ್ನು ಕೇಳಿದೆ.

ಒರೆಗಲ್ಲಾಗಿ ನಾನು ಆರಿಸಿದ್ದು ಗಂಗೂಬಾಯಿ ಹಾನಗಲ್ಲರ ದನಿ. ಗಂಡುದನಿಯಂಥ ಆ ತಗ್ಗಿನ ಕಂಠದಲ್ಲಿ ಮೋಸ ನಡೆಯದು. ಡಿಟಿ 990ರಲ್ಲಿ ತಬಲಾದ ಮೊದಲ ಪೆಟ್ಟು ಕಿಡಿಯಂತೆ ಸಿಡಿಯಿತು, ತಂಬೂರಿಯ ಜೀವಾಳಿ ಎಳೆಎಳೆಯಾಗಿ ಹೊಮ್ಮಿತು. ಆದರೆ ಬಾಯಿಯವರ ಎದೆಯ ಭಾರ ಕಡಿಮೆಯಾಯಿತು. 'ಸ'ಕಾರ ಬಂದಲ್ಲೆಲ್ಲ ಸೂಜಿ ಚುಚ್ಚಿತು. ಮೇಲಿನ ತುದಿಯನ್ನು ಎತ್ತಿ ತೋರಿಸುವುದನ್ನೇ ವಿಮರ್ಶಕರು 'ಸೂಕ್ಷ್ಮ ವಿವರ' ಎಂದು ಹೊಗಳುತ್ತಾರೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ಮಾತ್ರಕ್ಕೆ ಪಾಠದಲ್ಲಿ ಹೊಸ ಮಾತೇನೂ ಸೇರುವುದಿಲ್ಲ. ನನ್ನಂಥ ಕಿವಿಗೆ ಅದು ಆಸರೆಯಾದೀತಲ್ಲ ಎಂದೂ ಯೋಚಿಸಿದೆ. ಆದರೆ ಅರ್ಧ ಗಂಟೆಗೆ ತಲೆ ಬಿಗಿಯಿತು.

650 ಅದಕ್ಕೆ ತದ್ವಿರುದ್ಧ. ತುದಿಗಳನ್ನು ಮೆದುವಾಗಿಸಿ ಕಂಬಳಿ ಹೊದಿಸುತ್ತದೆ. ರಾತ್ರಿ ಎರಡು ಗಂಟೆ ಕೇಳಿದರೂ ದಣಿವಿಲ್ಲ. ಆದರೆ ತಂಬೂರಿ ಒಂದು ಹೆಜ್ಜೆ ಹಿಂದೆ ಸರಿಯಿತು. 600ರಲ್ಲಿ ಕಂಠಕ್ಕೆ ಕಂಠದ ತೂಕ, ತಂಬೂರಿಗೆ ಅದರ ಜಾಗ. ಕೆಳಗಿನ ಬಾಯಾದ ಗುಂಗು ತುಸು ಬಡವೇ. ಹೊಸದರಲ್ಲಿ ಕಪಾಳವನ್ನೂ ಇಕ್ಕಳದಂತೆ ಹಿಡಿಯುತ್ತದೆ. ಆದರೂ ಹಾಡುವವರ ಉಸಿರು ಎಲ್ಲಿ ನಿಂತಿತು, ಎಲ್ಲಿ ಮತ್ತೆ ಹೊರಟಿತು ಎಂಬುದು ಅದರಲ್ಲೇ ಸ್ಪಷ್ಟ. ನಾನು ಕೊಂಡದ್ದು ಅದನ್ನೇ.

ಇದು ಎಲ್ಲರಿಗೂ ಹೊಂದುವ ತೀರ್ಪಲ್ಲ. ಸಿನಿಮಾ ಹಾಡಿನ ಅಬ್ಬರ ಬೇಕೆನ್ನುವವರು ಬೇಯರ್ ಹಿಡಿದರೆ ಜಗಳವಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಿವಿಗೂ ಅನ್ವಯಿಸಿ. ನೀವು ನೂರು ಸಲ ಕೇಳಿದ ಒಂದೇ ಹಾಡನ್ನು ಒಯ್ದು, ಒಂದೇ ಗಟ್ಟಿತನದಲ್ಲಿ ಕೇಳಿ. ಕೊಂಡ ಮೇಲೂ ಹದ ತಪ್ಪಬೇಡಿ. ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಹೆಡ್‌ಫೋನು ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಕಿವಿಗೆ ಆ ಅನುಕೂಲವಿಲ್ಲ.