ಹೆಂಚಿನ ಮೇಲಣ ಸೌರಫಲಕ

ಬಣಕಲ್ಲಿನಂತಹ ಮಳೆಯೂರಿನಲ್ಲಿ ಹೆಂಚಿನ ಮಾಡಿನ ಮೇಲೆ ಸೌರಫಲಕವನ್ನು ಕೂರಿಸಬಲ್ಲವರ ಹಸ್ತಕೌಶಲವು ಮನಃಪೂರ್ವಕವಾದ ಪ್ರಶಂಸೆಗೆ ಅರ್ಹವಾದುದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಪ್ರಸಿದ್ಧವಾದ ಆ ಹೆಂಚು ಆಷಾಢದ ಮಳೆಯನ್ನು ತಡೆಯಬಲ್ಲುದಾದರೂ ಮೊಳೆಯ ಪೆಟ್ಟನ್ನು ತಾಳಲಾರದು. ಆದುದರಿಂದ ನಿಪುಣನಾದವನು ಅದಕ್ಕೆ ರಂಧ್ರ ಕೊರೆಯದೆ, ಒಂದು ಹೆಂಚನ್ನು ಮೆಲ್ಲನೆತ್ತಿ, ಕೆಳಗಿನ ಪಕ್ಕಾಸಿಗೆ ಕಬ್ಬಿಣದ ಪಟ್ಟಿಯನ್ನು ತಿರುಪಿನಿಂದ ಬಿಗಿದು, ಅದರ ತುದಿಯನ್ನು ಎರಡು ಹೆಂಚುಗಳ ಸಂದಿಯಿಂದ ಹೊರತಂದು, ಎತ್ತಿದುದನ್ನು ಮರಳಿ ಸ್ವಸ್ಥಾನದಲ್ಲಿಡುವನು. ಭಾರವೆಲ್ಲ ಮರದ ಮೇಲೆ. ಹೆಂಚಿಗೆ ತನ್ನ ಹಳೆಯ ಕೆಲಸವೊಂದೇ.

ಫಲಕದಡಿಯಲ್ಲಿ ಗಾಳಿಯಾಡಲು ಎಡೆ ಬಿಡಲೇಬೇಕು, ಏಕೆಂದರೆ ಸಿಲಿಕಾನ್ ಬಿಲ್ಲೆಗಳು ಬಿಸಿಯೇರಿದಂತೆಲ್ಲ ಡಿಗ್ರಿಯೊಂದಕ್ಕೆ ಸುಮಾರು ಶೇಕಡಾ 0.4ರಷ್ಟು ಶಕ್ತಿಗುಂದುವುವು. ತೋಟದ ಸಿಲ್ವರ್ ಓಕಿನ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪತ್ತಿ ಕುಗ್ಗುವುದು. ಆದಕಾರಣ ದಕ್ಷಿಣಾಭಿಮುಖವಾದ, ಮರಗಳಿಂದ ದೂರವಾದ ಇಳಿಜಾರನ್ನೇ ಆರಿಸುವರು.

ನನಗೆ ಅತ್ಯಂತ ಪ್ರಿಯವಾದುದು ಫಲಕದಿಂದ ಮನೆಯೊಳಕ್ಕೆ ಬರುವ ತಂತಿಯ ಬಾಗು. ತಂತಿಯನ್ನು ನೇರವಾಗಿ ಒಳಕ್ಕೆ ಎಳೆಯದೆ, ಗೋಡೆಯ ತೂತಿಗಿಂತ ಗೇಣುದ್ದ ಕೆಳಕ್ಕೆ ಜೋಲಬಿಟ್ಟು ಅನಂತರ ಮೇಲೆತ್ತಿದರೆ, ತಂತಿಗುಂಟ ಇಳಿದ ನೀರು ಆ ಬಾಗಿನ ತಳದಲ್ಲಿಯೇ ತೊಟ್ಟಿಕ್ಕಿ ಹೊರಗುಳಿಯುವುದು. ಚಾರ್ಮಾಡಿ ಘಾಟಿಯ ಕಡೆಯಿಂದ ಮಳೆ ಬೀಸಿ ಹೊಡೆಯುವ ಈ ಸೀಮೆಯಲ್ಲಿ ಇದನ್ನು ಮರೆತು ಮಾಡಿದುದನ್ನು ನಾನು ಪೂರ್ತಿಯಾದ ಕೆಲಸವೆಂದು ಎಣಿಸೆನು.