ಬಲ್ಹರಾ ಎಂಬ ಬಿರುದು: ಅರಬ್ಬೀ ಬರಹಗಳೂ ಚಿಂಚಣಿಯ ತಾಮ್ರಪಟವೂ

ರಾಷ್ಟ್ರಕೂಟರ ಹಿರಿಮೆಯನ್ನು ಬಣ್ಣಿಸುವ ನಮ್ಮ ಲೇಖನಗಳಲ್ಲಿಯೂ ಭಾಷಣಗಳಲ್ಲಿಯೂ ಒಂದು ಮಾತು ತಪ್ಪದೆ ಬರುತ್ತದೆ. ಮಾನ್ಯಖೇಟದ ಅರಸನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಅರಬ್ ವರ್ತಕನಾದ ಸುಲೈಮಾನನು ಹೊಗಳಿದ್ದಾನೆ ಎಂಬುದೇ ಆ ಮಾತು. ಪರದೇಶದವನೊಬ್ಬನು ಕೊಟ್ಟ ಈ ಪ್ರಶಸ್ತಿಯನ್ನು ನಾವು ಅಭಿಮಾನದಿಂದ ಎತ್ತಿ ಹೇಳುತ್ತೇವೆ. ಆದರೆ ಅದನ್ನು ಯಾರು ಬರೆದರು, ಎಲ್ಲಿ ನಿಂತು ನೋಡಿ ಬರೆದರು, ಹಾಗೆ ಬರೆಯಲು ಅವರಿಗಿದ್ದ ಕಾರಣವೇನು ಎಂದು ವಿಚಾರಿಸುವುದು ವಿರಳ. ಸಾಕ್ಷಿಯನ್ನು ಪರೀಕ್ಷಿಸದೆ ಅದರ ನುಡಿಯನ್ನು ಮಾತ್ರ ಉದ್ಧರಿಸುವುದು ವಿಮರ್ಶೆಯಾಗಲಾರದು. ಆದುದರಿಂದ ಈ ಅರಬ್ಬೀ ಬರಹಗಳನ್ನು ನಮ್ಮ ಶಾಸನಗಳ ಪಕ್ಕದಲ್ಲಿಟ್ಟು ಒಮ್ಮೆ ಓದಿನೋಡುವುದು ಉಚಿತ.

ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವೃತ್ತಾಂತವು ಚೀನ ಮತ್ತು ಹಿಂದೂದೇಶಗಳ ಸಮಾಚಾರಗಳನ್ನು ಕೂಡಿಸಿದ ಗ್ರಂಥ; ಅದರ ಕಾಲ ಕ್ರಿ. ಶ. 851. ಅದರಲ್ಲಿ ಸುಲೈಮಾನನ ಹೆಸರು ಸುದ್ದಿ ತಿಳಿಸಿದವನದಾಗಿ ಬರುತ್ತದೆಯೇ ಹೊರತು ಗ್ರಂಥವೆಲ್ಲ ಅವನದೇ ಎನ್ನಲು ಆಧಾರ ಸಾಲದು. ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಇವರ ತರುವಾಯ ನಾಲ್ಕನೆಯವನಾಗಿ ಅಲ್ಲಿ ಬರುವವನು 'ಬಲ್ಹರಾ', ಕಿವಿ ಚುಚ್ಚಿಸಿಕೊಂಡವರ ಅರಸ. ಇದು ವ್ಯಕ್ತಿಯ ಹೆಸರಲ್ಲ, ಪಟ್ಟದ ಹೆಸರು ಎಂದೂ ಗ್ರಂಥ ತಿಳಿಸುತ್ತದೆ. 'ವಲ್ಲಭರಾಜ' ಎಂಬ ರಾಷ್ಟ್ರಕೂಟರ ಬಿರುದೇ ಅರಬರ ನಾಲಗೆಯಲ್ಲಿ ಬಲ್ಹರಾ ಆಯಿತೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಆಗ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ; ಅವನ ಆಳಿಕೆ 814ರಿಂದ 878ರವರೆಗೆ. ಈ ನಾಡಿನ ಅರಸರು ಕೆಲವೊಮ್ಮೆ ಐವತ್ತು ವರ್ಷ ಆಳುತ್ತಾರೆ, ಅರಬರ ಮೇಲಣ ಪ್ರೀತಿಯೇ ಅವರ ದೀರ್ಘಾಯುಷ್ಯಕ್ಕೆ ಕಾರಣವೆಂದು ಜನ ನಂಬುತ್ತಾರೆ ಎಂಬ ವೃತ್ತಾಂತದ ಮಾತಿಗೆ ಹಿನ್ನೆಲೆ ಇದೇ ಇರಬೇಕು. ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ'ವು ರೂಪುಗೊಂಡದ್ದೂ ಆ ಕಾಲದಲ್ಲಿಯೇ.

ಈ ವರ್ತಕರು ಬಲ್ಹರಾನ ರಾಜ್ಯವನ್ನು ಎಲ್ಲಿಂದ ಕಂಡರು? ರಾಜ್ಯವು ಸಮುದ್ರತೀರದಲ್ಲಿ 'ಕುಮ್ಕಮ್' ಎಂಬ ಪ್ರದೇಶದಿಂದ ಆರಂಭವಾಗುತ್ತದೆ ಎಂದು ವೃತ್ತಾಂತ ಹೇಳುತ್ತದೆ. ಕುಮ್ಕಮ್ ಎಂದರೆ ಕೊಂಕಣ. ನಮಗೆ ರಾಷ್ಟ್ರಕೂಟ ರಾಜ್ಯದ ನಡುಮನೆ ಮಳಖೇಡ. ಹಡಗಿನಿಂದ ಇಳಿದವನಿಗೆ ಅದರ ಹೆಬ್ಬಾಗಿಲು ಠಾಣೆ, ಸೋಪಾರ, ಚೌಲ, ಸಂಜಾಣಗಳ ರೇವು. ಅರಬ್ಬೀ ಗ್ರಂಥಗಳ ತಾನಾ, ಸುಬಾರಾ, ಸೈಮೂರ್, ಸಿಂದಾನ್ ಎಂಬ ಹೆಸರುಗಳು ಈ ಊರುಗಳವೇ ಎಂದು ಗುರುತಿಸಲಾಗಿದೆ. ಹಾಗಾಗಿ ಕರಾವಳಿಯ ವಿಷಯದಲ್ಲಿ ಈ ಸಾಕ್ಷಿ ಬಲವಾದುದು. ಒಳನಾಡಿನ 'ಮಾಂಕೀರ್' ಅಥವಾ ಮಾನ್ಯಖೇಟದ ವಿಷಯದಲ್ಲಿ ಬಹುಮಟ್ಟಿಗೆ ಕೇಳಿದ ಸುದ್ದಿ. ಬೋರಿವಲಿಯ ಬಳಿಯ ಕಾನ್ಹೇರಿ ಗುಹೆಗಳಲ್ಲಿ ಶಕ 775 ಮತ್ತು 799ರ ಶಾಸನಗಳಿದ್ದು, ಅವು ಅಮೋಘವರ್ಷನನ್ನು ಸಾರ್ವಭೌಮನೆಂದೂ ಶಿಲಾಹಾರ ಕಪರ್ದಿಯನ್ನು ಅವನ ಸಾಮಂತನೆಂದೂ ಹೆಸರಿಸುತ್ತವೆ. ವರ್ತಕರು ಕಂಡ ಆಳ್ವಿಕೆ ಪ್ರತ್ಯಕ್ಷವಾಗಿ ಈ ಸಾಮಂತರದು. ಹೊಗಳಿಕೆ ಮಾತ್ರ ದೂರದ ವಲ್ಲಭನಿಗೆ ಸಂದಿತು.

ಹೊಗಳಿಕೆಯ ಕಾರಣವನ್ನೂ ನೋಡಬೇಕು. 'ತಾಜಿಕ' ಎಂಬ ಹೆಸರು ನಮ್ಮ ಶಾಸನಗಳಲ್ಲಿ ಮೊದಲು ಮಿತ್ರನ ಹೆಸರಾಗಿ ಬಂದುದಲ್ಲ. ಕ್ರಿ. ಶ. 739ರ ನವಸಾರಿ ತಾಮ್ರಪಟದಲ್ಲಿ ತಾಜಿಕರ ಸೈನ್ಯವನ್ನು ಹಿಮ್ಮೆಟ್ಟಿಸಿದ ಲಾಟದ ಚಾಲುಕ್ಯ ಅವನಿಜನಾಶ್ರಯ ಪುಲಕೇಶಿಯ ಪರಾಕ್ರಮವು ವರ್ಣಿತವಾಗಿದೆ. ಅದಕ್ಕಾಗಿ ಅವನಿಗೆ ಬಿರುದುಗಳನ್ನಿತ್ತವನು ಬಾದಾಮಿಯ ಚಕ್ರವರ್ತಿ. ಸುಮಾರು ನೂರು ವರ್ಷಗಳಲ್ಲಿ ಶತ್ರುವಿನ ಹೆಸರು ನೆಂಟನ ಹೆಸರಾಗಬೇಕಾದರೆ ನಡುವೆ ಪ್ರಬಲವಾದ ಹಿತಸಂಬಂಧ ಬೆಳೆದಿರಬೇಕು. ಉತ್ತರದ ಗುರ್ಜರ ಪ್ರತೀಹಾರರು ಸಿಂಧಿನ ಅರಬರಿಗೂ ಎದುರಾಳಿಗಳು, ರಾಷ್ಟ್ರಕೂಟರಿಗೂ ಎದುರಾಳಿಗಳು. ಅದೇ ವೃತ್ತಾಂತವು 'ಜುರ್ಜ್' ಅರಸನನ್ನು, ಎಂದರೆ ಗುರ್ಜರನನ್ನು, ಅರಬರ ವೈರಿಯೆಂದು ಕರೆದಿರುವುದು ಆಕಸ್ಮಿಕವಲ್ಲ. ಸಮಾನ ಶತ್ರು, ರೇವಿನ ಸುಂಕ, ಪಶ್ಚಿಮ ಸಮುದ್ರದ ವ್ಯಾಪಾರ ಇವು ಕೂಡಿ ಈ ಸ್ನೇಹವನ್ನು ಕಟ್ಟಿದವು. ಇದನ್ನು ಬರಿಯ ಔದಾರ್ಯವೆನ್ನುವುದು ರಾಜನೀತಿಯನ್ನು ಮರೆತಂತೆ.

ಇನ್ನು ಚಿಂಚಣಿಯ ತಾಮ್ರಪಟಕ್ಕೆ ಬರೋಣ. ಡಹಾಣು ತಾಲೂಕಿನ ಚಿಂಚಣಿಯಲ್ಲಿ 1955ರಲ್ಲಿ ದೊರೆತ ಶಾಸನಗಳನ್ನು ದಿನೇಶಚಂದ್ರ ಸರ್ಕಾರರು 'ಎಪಿಗ್ರಾಫಿಯಾ ಇಂಡಿಕಾ'ದ 32ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಶಕ 848ರದು, ಎಂದರೆ ಕ್ರಿ. ಶ. 926, ಮುಮ್ಮಡಿ ಇಂದ್ರನ ಆಳಿಕೆಯ ಕಾಲ. ಸಂಯಾನ ಮಂಡಲವನ್ನು, ಎಂದರೆ ಈಗಿನ ಸಂಜಾಣದ ಸುತ್ತಣ ನಾಡನ್ನು, ಇಮ್ಮಡಿ ಕೃಷ್ಣನಿಂದ ಪಡೆದು ಆಳುತ್ತಿದ್ದವನು ಒಬ್ಬ ತಾಜಿಕ. ಅವನ ಹೆಸರು ಮಧುಮತಿ. ಇದು ಮಹಮ್ಮದ್ ಎಂಬುದರ ಸಂಸ್ಕೃತ ರೂಪ. ಸುಗತಿಪನೆಂಬುದು ಅವನ ಇನ್ನೊಂದು ಹೆಸರು. ಅವನು ಸುತ್ತಣ ರೇವುಗಳ ಒಡೆಯರನ್ನು ಗೆದ್ದು ತನ್ನ ಅಧಿಕಾರಿಗಳನ್ನು ಇರಿಸಿದನು. ಹೊಳೆ ದಾಟಲು ಬಾಡಿಗೆಯಿಲ್ಲದ ದೋಣಿಗಳನ್ನು ಏರ್ಪಡಿಸಿದನು. ಅನ್ನ, ವ್ಯಂಜನ, ತುಪ್ಪ ಬಡಿಸುವ ಸತ್ರವೊಂದನ್ನು ನಡೆಸಿದನು. ಅನ್ನೈಯನೆಂಬ ಬ್ರಾಹ್ಮಣನು ಕಟ್ಟಿಸಿದ ಮಠಿಕೆಯ ಜೀರ್ಣೋದ್ಧಾರಕ್ಕೂ ಭಗವತಿಯ ನೈವೇದ್ಯಕ್ಕೂ ಇಂದ್ರರಾಜನ ಅನುಮತಿಯೊಡನೆ ಭೂಮಿಯನ್ನು ದಾನಮಾಡಿದನು. ಅಂದರೆ ಕನ್ನಡ ಚಕ್ರವರ್ತಿಯ ಕೈಕೆಳಗಿನ ಮುಸ್ಲಿಂ ಮಂಡಲಾಧಿಪತಿಯೊಬ್ಬನು ದೇವಿಯ ಪೂಜೆಗಾಗಿ ಸಂಸ್ಕೃತದಲ್ಲಿ ಹೊರಡಿಸಿದ ಶಾಸನವಿದು.

ಅರಬ್ಬೀ ಬರಹಗಳಿಗಿಂತ ಈ ತಾಮ್ರಪಟವು ಎಷ್ಟು ಮುಂದೆ ಹೋಗುತ್ತದೆಂಬುದು ಹೋಲಿಸಿದರೆ ತಿಳಿಯುತ್ತದೆ. ಹಿಜರಿ 304ರಲ್ಲಿ, ಎಂದರೆ 916–17ರಲ್ಲಿ, ಸೈಮೂರಿನಲ್ಲಿದ್ದ ಅಲ್ ಮಸೂದಿಯು ಅಲ್ಲಿ ಸುಮಾರು ಹತ್ತು ಸಾವಿರ ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಸಿರಾಫ್, ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲಸಿದವರು ಕೆಲವರು, ಇಲ್ಲಿಯೇ ಹುಟ್ಟಿದವರು ಕೆಲವರು. ಅವರ ವ್ಯವಹಾರಗಳನ್ನು ನೋಡಿಕೊಳ್ಳಲು ಅವರಲ್ಲಿಯೇ ಒಬ್ಬ ಮುಖ್ಯನು ನೇಮಕವಾಗಿದ್ದನು. ಬಲ್ಹರಾನ ಊರುಗಳಲ್ಲಿ ಮುಸ್ಲಿಮರ ಮೇಲೆ ಮುಸ್ಲಿಮನೇ ಅಧಿಕಾರ ನಡೆಸುತ್ತಾನೆಂದು ಇಬ್ನ್ ಹೌಕಲನೂ ಹೇಳುತ್ತಾನೆ. ಆದರೆ ಇವರ ದೃಷ್ಟಿ ತಮ್ಮವರ ಯೋಗಕ್ಷೇಮಕ್ಕೆ ಮೀಸಲು. ತಮ್ಮವನೊಬ್ಬನು ಎಲ್ಲ ಪ್ರಜೆಗಳ ಮೇಲೆ ಆಳಿಕೆ ನಡೆಸಿದನೆಂಬುದನ್ನು ತಿಳಿಯಲು ನಾವು ಶಾಸನಕ್ಕೇ ಬರಬೇಕಾಯಿತು. ಡಾ. ಅಳ್ತೇಕರರು 1934ರಲ್ಲಿ ರಾಷ್ಟ್ರಕೂಟರ ಕುರಿತ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದಾಗ ಈ ಸಾಕ್ಷಿ ಇನ್ನೂ ನೆಲದಲ್ಲಿ ಹೂತಿತ್ತು. ಈಗ ಅದು ಬೆಳಕಿಗೆ ಬಂದು ಹಲವು ದಶಕಗಳಾಗಿದ್ದರೂ ನಮ್ಮ ಜನಪ್ರಿಯ ಬರಹಗಳು ಸುಲೈಮಾನನನ್ನು ಬಿಟ್ಟು ಮುಂದೆ ಸರಿದಿಲ್ಲವೆಂಬುದು ವಿಷಾದದ ಸಂಗತಿ.

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರು ಈ ಸಾಮಗ್ರಿಯನ್ನು ಬಳಸುವಾಗ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ರಾಜ್ಯದ ಎಲ್ಲೆಯನ್ನು ನುಡಿಯ ಎಲ್ಲೆಯೆಂದು ಭ್ರಮಿಸಬಾರದು. ಮಸೂದಿಯೇ ಹೇಳುವಂತೆ ಮಾಂಕೀರಿನ ಜನರ ಭಾಷೆ 'ಕೀರಿಯ', ಸೈಮೂರ್, ಸುಬಾರಾ, ತಾನಾಗಳ ಭಾಷೆ 'ಲಾರಿಯ'. ಕೀರಿಯವೆಂದರೆ ಕನ್ನಡವೆಂದು ನಾವು ಹಿಗ್ಗುವುದಾದರೆ, ಅದೇ ವಾಕ್ಯದ ಉಳಿದರ್ಧವನ್ನೂ ಒಪ್ಪಬೇಕು. ಈ ಕರಾವಳಿಯ ನುಡಿ ಬೇರೆಯಾಗಿತ್ತು. ಎರಡನೆಯದು, ಅರಬರೆಂಬುದನ್ನು ಒಂದೇ ರಕ್ತದ ಕುಲವೆಂದು ತಿಳಿಯಬಾರದು. ಸುಗತಿಪನ ತಂದೆಯ ಹೆಸರು ಶಾಸನದಲ್ಲಿ 'ಸಹಿಯಾರಹಾರ'. ಅದು ಪಾರಸಿಕರ ಶಹರಿಯಾರ್ ಎಂಬ ಹೆಸರು. ಸಿರಾಫ್ ಪಾರಸಿಕ ತೀರದ ಪಟ್ಟಣವೆಂಬುದನ್ನು ನೆನೆದರೆ ಇದರಲ್ಲಿ ಸೋಜಿಗವಿಲ್ಲ.

ಸ್ನೇಹಕ್ಕೆ ಲಾಭವೇ ಮೂಲವಾಗಿದ್ದಿತೆಂದ ಮಾತ್ರಕ್ಕೆ ಅದರ ಬೆಲೆ ಕುಗ್ಗುವುದಿಲ್ಲ. ಶಕ 956ರ, ಎಂದರೆ 1034ರ, ಚಿಂಚಣಿಯ ಇನ್ನೊಂದು ತಾಮ್ರಪಟದಲ್ಲಿ ಸಂಯಾನದ ಗಣ್ಯರ ನಡುವೆ ಅಲ್ಲಿಯ, ಮಹರ, ಮಧುಮತ ಎಂಬ ಹೆಸರುಗಳು ಬರುತ್ತವೆ. ಅಷ್ಟು ಹೊತ್ತಿಗೆ ರಾಷ್ಟ್ರಕೂಟರು ಅಳಿದು ಅರುವತ್ತು ವರ್ಷಗಳಾಗಿದ್ದವು. ಶತ್ರುವಾಗಿದ್ದ ಪ್ರತೀಹಾರ ರಾಜ್ಯವೂ ನೆಲಕಚ್ಚಿತ್ತು. ಕಟ್ಟಿದ ಕಾರಣಗಳು ಸರಿದುಹೋದ ಮೇಲೆಯೂ ಆ ಬಾಳ್ವೆ ಉಳಿದಿತ್ತು. ಪರಸ್ಥಳದಿಂದ ಬಂದವನು ತಾನು ನೆಲಸಿದ ಊರಿನ ಹೊಳೆಗೆ ದೋಣಿಯನ್ನೂ ಹಸಿದವನಿಗೆ ಸತ್ರವನ್ನೂ ಒದಗಿಸಿ ಆ ಊರಿನವನಾದನೆಂಬ ಸಂಗತಿಯು, ನಾಲ್ವರು ಮಹಾರಾಜರ ಎಣಿಕೆಗಿಂತ ಹೆಚ್ಚಿನ ಇತಿಹಾಸವೆಂದು ನಮ್ಮ ಅಭಿಪ್ರಾಯ. ಈ ಅರಬ್ಬೀ ಗ್ರಂಥಭಾಗಗಳನ್ನು ನಾವು ಇಂದಿಗೂ ಹೆಚ್ಚಾಗಿ ಎಲಿಯಟ್ ಮತ್ತು ಡೌಸನ್ನರು 1867ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕವೇ ಉದ್ಧರಿಸುತ್ತಿದ್ದೇವೆ. ಅರಬ್ಬೀ ಬಲ್ಲವರೂ ಶಾಸನ ಬಲ್ಲವರೂ ಕನ್ನಡ ಬಲ್ಲವರೂ ಒಂದೇ ನಗರದಲ್ಲಿ ದೊರೆಯುವ ಮುಂಬಯಿಯಲ್ಲಿ ಇವರೆಲ್ಲ ಕೂಡಿ ಬಲ್ಹರಾನ ಕುರಿತ ಮೂಲಪಾಠಗಳನ್ನು ನೇರವಾಗಿ ಕನ್ನಡಕ್ಕೆ ತಂದರೆ, ಹೊಗಳಿಕೆಯ ಆಚೆಗಿರುವ ಚರಿತ್ರೆ ನಮ್ಮ ಓದುಗರ ಕೈಗೆ ಸೇರೀತು.