ಲ್ಯಾಟಿನ್ ಜಾಜ್ ವಾದಕರ ವಿದ್ಯಾಭ್ಯಾಸವಿಚಾರ

ಕಾವ್ಯಕ್ಕೆ ಕಾರಣವೇನೆಂಬ ಪ್ರಶ್ನೆಗೆ ಉತ್ತರ ಹೇಳುವಲ್ಲಿ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಎಣಿಸಿ, ‘ಹೇತು’ ಎಂಬ ಶಬ್ದವನ್ನು ಮಾತ್ರ ಏಕವಚನದಲ್ಲಿ ಇಟ್ಟಿರುವನು. ಮೂರೂ ಕೂಡಿ ಒಂದೇ ಕಾರಣವಲ್ಲದೆ ಬಿಡಿಬಿಡಿಯಾಗಿ ಮೂರು ಕಾರಣಗಳಲ್ಲವೆಂಬುದನ್ನು ವೃತ್ತಿಯಲ್ಲಿ ತಾನೇ ವಿಶದಪಡಿಸಿದ್ದಾನೆ. ಪಂಡಿತರಾಜ ಜಗನ್ನಾಥನು ಇದನ್ನೊಪ್ಪದೆ ಪ್ರತಿಭೆಯೊಂದನ್ನೇ ಕಾರಣವೆಂದನು. ಈ ವಾದವು ಪಾಠಶಾಲೆಗಳಲ್ಲಿ ಓದಿದವರೆಲ್ಲರಿಗೂ ಪರಿಚಿತವಾದುದೇ. ಅದನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಕ್ಯೂಬಾ ದ್ವೀಪದ ಹವಾನಾ ನಗರಕ್ಕೂ ನ್ಯೂಯಾರ್ಕಿಗೂ ನಡುವೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಲ್ಯಾಟಿನ್ ಜಾಜ್ ಎಂಬ ಸಂಗೀತದ ವಾದಕರನ್ನು ಕುರಿತು ಬರೆಯುವವರಲ್ಲಿ ಹಲವರು ಮಮ್ಮಟನ ಆ ಏಕವಚನವನ್ನು ಮೂರು ತುಂಡು ಮಾಡಿ, ಒಬ್ಬೊಬ್ಬ ವಾದಕನಿಗೆ ಒಂದೊಂದು ತುಂಡನ್ನು ಹಂಚಿಕೊಟ್ಟಿದ್ದಾರೆ. ಚಾನೊ ಪೋಸೊ ಎಂಬವನಿಗೆ ಶಕ್ತಿ ಮಾತ್ರ; ಅವನು ಓದದವನು. ಚೀಕೊ ಓಫಾರಿಲ್ ಎಂಬವನಿಗೆ ನಿಪುಣತೆ ಮಾತ್ರ, ಅವನು ಬರೆಯಬಲ್ಲವನು. ಟೀಟೊ ಪುಯೆಂತೆ ಎಂಬವನಿಗೆ ಅಭ್ಯಾಸ. ಈ ಹಂಚಿಕೆಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದೇ ಪ್ರಕೃತ ವಿಚಾರ.

ವಿಷಯವು ನಮ್ಮ ವಾಚಕಮಹಾಶಯರಲ್ಲಿ ಕೆಲವರಿಗೆ ಹೊಸದಾಗಿರಬಹುದಾದುದರಿಂದ ಒಂದೆರಡು ಮಾತುಗಳನ್ನು ಮೊದಲೇ ಹೇಳಿಬಿಡುವುದು ಉಚಿತ. ಜಾಜ್ ಸಂಗೀತವು ಅಮೆರಿಕದಲ್ಲಿ ಆಫ್ರಿಕಾ ಮೂಲದ ಜನರ ನಡುವೆ ಹುಟ್ಟಿದುದು. ಅದರಲ್ಲಿ ಸ್ವರಸಮೂಹಗಳ ಚಲನೆಯೂ ವಾದಕನ ಮನೋಧರ್ಮವೂ ಮುಖ್ಯ. ಕ್ಯೂಬಾದ ಸಂಗೀತದಲ್ಲಿ ಲಯದ ಕಟ್ಟು ಮುಖ್ಯ. ಆ ಕಟ್ಟಿಗೆ ಆಧಾರವಾದುದು ಕ್ಲಾವೆ. ಗಟ್ಟಿಮರದ ಎರಡು ಕೋಲುಗಳನ್ನು ಒಂದಕ್ಕೊಂದು ತಾಡಿಸಿ ಹೊರಡಿಸುವ ಐದು ಘಾತಗಳು ಒಂದು ಆವರ್ತ. ಅದರ ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಮೂರು ಮೊದಲೋ ಎರಡು ಮೊದಲೋ ಎಂಬುದನ್ನು ಹಾಡಿನ ನಡೆಯು ನಿರ್ಣಯಿಸುತ್ತದೆ. ಒಮ್ಮೆ ಹಿಡಿದ ಮೇಲೆ ಆ ಕ್ರಮವು ನಡುವೆ ಮುರಿಯಕೂಡದು. ನಮ್ಮ ಗಾಯಕರು ತಾಳವನ್ನು ಕೈಯಲ್ಲಿ ಹಾಕಿ ಕಾಣಿಸುತ್ತಾರೆ. ಕ್ಲಾವೆಯನ್ನಾದರೋ ಯಾರೊಬ್ಬರೂ ನುಡಿಸದೆ ಇರುವಾಗಲೂ ಎಲ್ಲರ ಮನಸ್ಸಿನಲ್ಲಿಯೂ ಅದು ನಡೆಯುತ್ತಿರಬೇಕು. ಇದರ ಲಕ್ಷಣವನ್ನು ಅರ್ಧ ಗಳಿಗೆಯಲ್ಲಿ ಬರೆದು ತೋರಿಸಬಹುದು. ಲಕ್ಷ್ಯವು ಕೈಗೆ ಬರಬೇಕಾದರೆ ವರ್ಷಗಳು ಬೇಕು.

ಈ ಎರಡು ಸಂಗೀತಗಳನ್ನೂ ಒಂದುಗೂಡಿಸಿದವರಲ್ಲಿ ಮೊದಲು ಎಣಿಸಬೇಕಾದವನು ಮಾರಿಯೊ ಬೌಸಾ. ಇವನು ೧೯೧೧ರಲ್ಲಿ ಹವಾನಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಸ್ವರಪಾಠವನ್ನೂ ಕ್ಲಾರಿನೆಟ್ಟನ್ನೂ ಕಲಿತು, ಇನ್ನೂ ಹುಡುಗನಾಗಿರುವಾಗಲೇ ಹವಾನಾದ ಫಿಲ್ಹಾರ್ಮೋನಿಕ್ ವಾದ್ಯಮೇಳದಲ್ಲಿ ಕುಳಿತು ನುಡಿಸಿದವನು. ೧೯೨೬ರಲ್ಲಿ ಆಂತೋನಿಯೊ ಮರಿಯಾ ರೊಮೆಯುವಿನ ಮೇಳದೊಡನೆ ಧ್ವನಿಮುದ್ರಣಕ್ಕಾಗಿ ನ್ಯೂಯಾರ್ಕಿಗೆ ಹೋಗಿ ಬಂದನು. ೧೯೩೦ರಲ್ಲಿ ಅಲ್ಲಿಯೇ ನೆಲಸಿದನು. ಆಂತೋನಿಯೊ ಮಚೀನನ ತಂಡಕ್ಕೆ ಟ್ರಂಪೆಟ್ ವಾದಕನು ಬೇಕಾದಾಗ ಎರಡು ವಾರಗಳಲ್ಲಿ ಆ ವಾದ್ಯವನ್ನು ಕಲಿತು ಮುದ್ರಣಕ್ಕೆ ನುಡಿಸಿದನೆಂಬ ಮಾತು ಪ್ರಸಿದ್ಧವಾಗಿದೆ. ಇದನ್ನು ಪ್ರತಿಭೆಯ ಪವಾಡವೆಂಬಂತೆ ವರ್ಣಿಸುವವರುಂಟು. ಆದರೆ ಆ ಎರಡು ವಾರಗಳ ಹಿಂದೆ ಹತ್ತು ಹನ್ನೆರಡು ವರ್ಷಗಳ ಸ್ವರಪಾಠವಿದ್ದಿತೆಂಬುದನ್ನು ಮರೆಯಬಾರದು. ವ್ಯಾಕರಣವನ್ನು ಮುಗಿಸಿದವನು ಹೊಸ ಶಾಸ್ತ್ರವೊಂದನ್ನು ಬೇಗನೆ ಹಿಡಿಯುವುದು ಪವಾಡವಲ್ಲ.

ಬೌಸಾನು ೧೯೩೩ರಲ್ಲಿ ಚಿಕ್ ವೆಬ್ಬನ ಮೇಳವನ್ನು ಸೇರಿ ಅದರ ಸಂಗೀತನಿರ್ದೇಶಕನಾದನು. ೧೯೩೯ರಲ್ಲಿ ಕ್ಯಾಬ್ ಕ್ಯಾಲೊವೆಯ ಮೇಳಕ್ಕೆ ಹೋದನು. ತರುಣನಾಗಿದ್ದ ಡಿಜ್ಜಿ ಗಿಲೆಸ್ಪಿಯನ್ನು ಆ ಮೇಳಕ್ಕೆ ಸೇರಿಸಿದವನೂ ಇವನೇ. ೧೯೪೦ರಲ್ಲಿ ತನ್ನ ಹೆಂಡತಿಯ ಸಹೋದರನಾದ ಮಚೀಟೊವಿನೊಡನೆ ‘ಆಫ್ರೊ-ಕ್ಯೂಬನ್ಸ್’ ಎಂಬ ಮೇಳವನ್ನು ಕಟ್ಟಿದನು. ಆ ಮೇಳಕ್ಕಾಗಿ ೧೯೪೩ರಲ್ಲಿ ಇವನು ರಚಿಸಿದ ‘ತಂಗಾ’ ಎಂಬ ಕೃತಿಯನ್ನು ಈ ಸಂಪ್ರದಾಯದ ಆದಿಕೃತಿಯೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಹತ್ತು ವರ್ಷ ಜಾಜ್ ಮೇಳಗಳಲ್ಲಿ ವಿದ್ಯಾರ್ಥಿಯಂತೆ ಕುಳಿತಿದ್ದು, ಆಮೇಲೆ ತನ್ನ ಊರಿನ ಲಯದವರನ್ನು ಆ ವಿದ್ಯೆಯ ಪಕ್ಕದಲ್ಲಿ ಕೂರಿಸಿದನೆಂಬುದು ಇವನ ಜೀವನದ ಸಾರ. ಇಂಥ ಎರಡು ಗುರುಕುಲಗಳ ಶಿಷ್ಯನ ಚರಿತ್ರೆಯು ಬರೆಯುವವರಿಗೆ ರುಚಿಸುವುದಿಲ್ಲ. ಅದರಲ್ಲಿ ಕಥೆ ಕಡಿಮೆ, ಕೆಲಸ ಹೆಚ್ಚು.

ಕಥೆ ಹೆಚ್ಚಾಗಿರುವುದು ಚಾನೊ ಪೋಸೊವಿನಲ್ಲಿ. ಇವನು ೧೯೧೫ರಲ್ಲಿ ಹವಾನಾದಲ್ಲಿ ಬಡತನದಲ್ಲಿ ಹುಟ್ಟಿದನು. ಸೊಲಾರ್ ಎಂದು ಅಲ್ಲಿನವರು ಕರೆಯುವ, ಒಂದೇ ಅಂಗಳದ ಸುತ್ತ ಅನೇಕ ಕುಟುಂಬಗಳು ಕಿಕ್ಕಿರಿದು ವಾಸಿಸುವ ವಠಾರಗಳಲ್ಲಿ ಬೆಳೆದನು. ಆಫ್ರಿಕಾದ ಕಲಬಾರ್ ಪ್ರಾಂತದಿಂದ ದಾಸರಾಗಿ ಬಂದವರು ಸ್ಥಾಪಿಸಿದ ಅಬಕುವಾ ಎಂಬ ಪುರುಷರ ಗುಪ್ತಸಮಾಜದಲ್ಲಿ ದೀಕ್ಷೆ ಪಡೆದವನು. ೧೯೪೭ರಲ್ಲಿ ನ್ಯೂಯಾರ್ಕಿಗೆ ಬಂದನು. ಬೌಸಾನ ಮೂಲಕ ಗಿಲೆಸ್ಪಿಯ ಪರಿಚಯವಾಗಿ, ಅದೇ ವರ್ಷ ಸೆಪ್ಟೆಂಬರ್ ೨೯ರಂದು ಕಾರ್ನೆಗಿ ಸಭಾಂಗಣದಲ್ಲಿ ಆ ಮೇಳದೊಡನೆ ಕೊಂಗಾ ನುಡಿಸಿದನು. ಡಿಸೆಂಬರಿನಲ್ಲಿ ‘ಮಂತೆಕಾ’ ಎಂಬ ಕೃತಿಯು ಮುದ್ರಣವಾಯಿತು. ೧೯೪೮ರ ಡಿಸೆಂಬರಿನಲ್ಲಿ ಹಾರ್ಲೆಮಿನ ಒಂದು ಪಾನಗೃಹದಲ್ಲಿ ಗುಂಡೇಟಿನಿಂದ ಸತ್ತನು. ಆಗ ಅವನಿಗೆ ೩೩ ವರ್ಷ. ಗಿಲೆಸ್ಪಿಯೊಡನೆ ಅವನು ಕಳೆದ ಕಾಲವು ಒಂದೂಕಾಲು ವರ್ಷವನ್ನು ಮೀರಲಿಲ್ಲ.

ಇವನಿಗೆ ಸ್ವರಲಿಪಿ ಬಾರದು. ‘ಮಂತೆಕಾ’ ಹುಟ್ಟಿದ ಬಗೆಯನ್ನು ಗಿಲೆಸ್ಪಿಯು ೧೯೭೯ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಮಂದ್ರವಾದ್ಯವು ಏನನ್ನು ನುಡಿಸಬೇಕು, ಸ್ಯಾಕ್ಸೊಫೋನುಗಳು ಯಾವಾಗ ಪ್ರವೇಶಿಸಬೇಕು, ಹಿತ್ತಾಳೆಯ ವಾದ್ಯಗಳು ಹೇಗೆ ಉತ್ತರ ಕೊಡಬೇಕು ಎಂಬುದನ್ನೆಲ್ಲ ಪೋಸೊ ಬಾಯಿಯಿಂದಲೇ ಹಾಡಿ ತೋರಿಸಿದನು. ನಡುವೆ ಬರುವ ಖಂಡವನ್ನು, ಅದಿಲ್ಲದಿದ್ದರೆ ಒಂದೇ ನೆಲೆಯಲ್ಲಿ ನಿಂತಂತಾಗುವುದೆಂದು, ಗಿಲೆಸ್ಪಿಯು ತಾನು ಸೇರಿಸಿದನು. ಗಿಲ್ ಫುಲ್ಲರನು ಮೇಳಕ್ಕೆ ಹೊಂದಿಸಿ ಬರೆದನು. ಕರ್ತೃತ್ವವು ಈ ಮೂವರ ಹೆಸರಿನಲ್ಲಿಯೂ ಇದೆ.

ಇಲ್ಲಿ ವಿಮರ್ಶಕನು ಸ್ವಲ್ಪ ನಿಲ್ಲಬೇಕು. ಒಂದರ ಮೇಲೊಂದರಂತೆ ನಾಲ್ಕಾರು ಪಂಕ್ತಿಗಳನ್ನು ಮನಸ್ಸಿನಲ್ಲಿ ಏಕಕಾಲಕ್ಕೆ ಧರಿಸಿ, ಪ್ರತಿಯೊಂದನ್ನೂ ಬೇರ್ಪಡಿಸಿ ಹಾಡಿ ತೋರಿಸಬಲ್ಲವನನ್ನು ‘ಶಿಕ್ಷಣವಿಲ್ಲದವನು’ ಎಂದು ಕರೆಯುವುದು ಯಾವ ಅರ್ಥದಲ್ಲಿ? ಲಿಪಿಯಿಲ್ಲದುದೆಲ್ಲ ಶಿಕ್ಷಣವಲ್ಲವೆಂದಾದರೆ ಕ್ರಮ, ಜಟೆ, ಘನಗಳನ್ನು ಪುಸ್ತಕ ಮುಟ್ಟದೆ ಹೇಳುವ ನಮ್ಮ ಘನಪಾಠಿಗಳೂ ಅಶಿಕ್ಷಿತರೇ ಆಗಬೇಕಾದೀತು. ನಮ್ಮ ಶಿಕ್ಷಾಗ್ರಂಥದವರಾದರೋ ಬರೆದುದನ್ನು ನೋಡಿ ಓದುವವನನ್ನೇ ಅಧಮಪಾಠಕರ ಪಂಕ್ತಿಯಲ್ಲಿ ಕೂರಿಸಿದ್ದಾರೆ! ಈ ಸಾಮ್ಯವನ್ನು ಬಹಳ ದೂರ ಎಳೆಯಬಾರದೆಂಬುದೂ ನಿಜ. ವೇದಪಾಠದಲ್ಲಿ ಒಂದು ಸ್ವರವೂ ಬದಲಾಗಕೂಡದು. ಹವಾನಾದ ರುಂಬಾದಲ್ಲಿ ಕೆಳದನಿಯ ಡೋಲುಗಳು ಕಟ್ಟನ್ನು ಹಿಡಿದು ನಿಂತಿರುವಾಗ ಕಿಂತೊ ಎಂಬ ಮೇಲ್ದನಿಯ ಡೋಲು ನರ್ತಕನ ಹೆಜ್ಜೆಯನ್ನು ನೋಡಿ ಕ್ಷಣಕ್ಷಣಕ್ಕೂ ಹೊಸದನ್ನು ನುಡಿಯಬೇಕು. ಒಂದು ವಿದ್ಯೆಯ ಗುರಿ ರಕ್ಷಣೆ, ಇನ್ನೊಂದರದು ಸಂವಾದ. ಆದರೆ ಎರಡೂ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬರುವ ವಿದ್ಯೆಗಳೇ. ಎರಡರಲ್ಲಿಯೂ ತಪ್ಪನ್ನು ಹಿಡಿಯುವವರು ಪಕ್ಕದಲ್ಲಿಯೇ ಕುಳಿತಿರುತ್ತಾರೆ.

ಅಂಥ ವಿದ್ಯೆಯ ಪಾಠಕ್ರಮವು ಎಷ್ಟು ಕಟ್ಟುನಿಟ್ಟಾದುದೆಂಬುದಕ್ಕೆ ಅದೇ ನಗರದ ಬಟಾ ಡೋಲುಗಳನ್ನು ನೋಡಬಹುದು. ಯೊರುಬಾ ಜನರಿಂದ ಬಂದ ದೇವತಾರಾಧನೆಯಲ್ಲಿ ನುಡಿಸುವ ಇವು ಮೂರು. ಓಕೊಂಕೊಲೊ ಎಲ್ಲಕ್ಕಿಂತ ಚಿಕ್ಕದು, ಇಟೊಟೆಲೆ ನಡುವಣದು, ಇಯಾ ಎಂಬುದು ದೊಡ್ಡದು. ಆ ಹೆಸರಿಗೆ ತಾಯಿಯೆಂದೇ ಅರ್ಥ. ಶಿಷ್ಯನು ಮೊದಲು ಚಿಕ್ಕದನ್ನು ಹಿಡಿಯುತ್ತಾನೆ. ಅದರಲ್ಲಿ ಕೈ ನಿಂತ ಮೇಲೆ ನಡುವಣದಕ್ಕೆ ಬಂದು, ತಾಯಿಡೋಲು ಕರೆದಾಗ ಉತ್ತರ ಕೊಡುವುದನ್ನು ಕಲಿಯುತ್ತಾನೆ. ಇಯಾ ಕೈಗೆ ಬರುವುದು ಕೊನೆಗೆ. ಒಂದೊಂದು ದೇವತೆಗೂ ಬೇರೆಬೇರೆ ಲಯಗಳು. ಅವುಗಳ ಅನುಕ್ರಮವೆಲ್ಲ ಕಂಠಪಾಠವಾಗಬೇಕು. ಫೆರ್ನಾಂದೊ ಓರ್ತೀಸನು ೧೯೫೨ರಿಂದ ೧೯೫೫ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದ ಆಫ್ರೊ-ಕ್ಯೂಬನ್ ವಾದ್ಯಗಳ ಗ್ರಂಥವನ್ನು ತಿರುವಿಹಾಕಿದವರಿಗೆ ಇದು ‘ಸಹಜ’ವೆಂಬ ಒಂದು ಮಾತಿನಲ್ಲಿ ಮುಗಿಯುವ ವಿಷಯವಲ್ಲವೆಂಬುದು ತಿಳಿಯದೆ ಇರದು. ಈ ಪವಿತ್ರ ಡೋಲುಗಳನ್ನು ಹೆಂಗಸರು ಮುಟ್ಟಕೂಡದೆಂಬ ವಿಧಿಯಿದ್ದಿತು. ಆದಕಾರಣ ಆ ಶಾಲೆಯ ಬಾಗಿಲು ಅರ್ಧ ಜನರಿಗೆ ಮುಚ್ಚಿಯೇ ಇದ್ದಿತೆಂಬುದನ್ನೂ ಹೇಳಬೇಕು. ೧೯೩೨ರಲ್ಲಿ ಹವಾನಾದಲ್ಲಿ ಹೆಂಗಸರೇ ಕಟ್ಟಿದ ಅನಕಾವೊನಾ ಮೇಳದಲ್ಲಿ ಹಾಡಿ ಪಳಗಿದ ಗ್ರಾಸಿಯೆಲಾ ಎಂಬವಳು, ೧೯೪೩ರಲ್ಲಿ ಮಚೀಟೊ ಸೈನ್ಯಕ್ಕೆ ಹೋಗಬೇಕಾದಾಗ ನ್ಯೂಯಾರ್ಕಿಗೆ ಬಂದು ಆ ಮೇಳದ ಹಾಡಿಕೆಯನ್ನು ವಹಿಸಿಕೊಂಡಳು.

ಗಿಲೆಸ್ಪಿಯ ಮೇಳದವರು ಪೋಸೊವಿನಿಂದ ಕಲಿತ ಬಗೆಯೂ ಮನನೀಯವಾದುದು. ಪ್ರಯಾಣದ ಬಸ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಯವನ್ನು ಕೊಟ್ಟು, ತಾನೊಂದನ್ನು ಹಿಡಿದು, ಎಲ್ಲವನ್ನೂ ಒಟ್ಟಿಗೆ ನಡೆಸುತ್ತಿದ್ದನಂತೆ. ಆವರ್ತದ ಆರಂಭವು ಎಲ್ಲಿ ಎಂಬುದರಲ್ಲಿ ಅವನಿಗೂ ಅವರಿಗೂ ಮತಭೇದವಿದ್ದಿತು. ಅವರ ‘ಒಂದು’ ಅವನ ‘ಒಂದು’ ಆಗಿರಲಿಲ್ಲ. ಇದನ್ನು ಪೋಸೊವಿನ ಕೊರತೆಯೆಂಬಂತೆ ಹೇಳುವವರಿದ್ದಾರೆ. ಎರಡು ಶಾಸ್ತ್ರಗಳಲ್ಲಿ ಗಣನೆಯ ಆರಂಭವೇ ಬೇರೆಯಾಗಿದ್ದರೆ ಕೊರತೆ ಯಾರದೆಂದು ಹೇಳುವುದು? ಆ ಬಸ್ಸಿನಲ್ಲಿ ಗುರುಸ್ಥಾನದಲ್ಲಿದ್ದವನು ಯಾರೆಂಬುದು ಸ್ಪಷ್ಟವೇ ಇದೆ.

‘ಮಂತೆಕಾ’ ಕೃತಿಯ ಗುಣದೋಷಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ನಡುವಣ ಖಂಡವು ಬಂದೊಡನೆ ಕ್ಯೂಬಾದ ಹೆಣಿಗೆ ಸಡಿಲಿ ಜಾಜಿನ ನಡೆಯು ಮೇಲೇಳುತ್ತದೆ. ಅದು ಮುಗಿದ ಮೇಲೆ ಮೊದಲಿನದು ಮರಳಿ ಬರುತ್ತದೆ. ಹೊಲಿಗೆಯು ಕಾಣುತ್ತದೆಂಬ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರು ಗುರುಗಳ ಕೈಯೂ ಬೇರೆಬೇರೆಯಾಗಿ ಗುರುತಿಸುವಂತಿರುವುದು ಈ ಕೃತಿಯ ಪ್ರಾಮಾಣಿಕತೆಯೆಂದೇ ನಮ್ಮ ಅಭಿಪ್ರಾಯ. ಓಫಾರಿಲನ ‘ಆಫ್ರೊ-ಕ್ಯೂಬನ್ ಜಾಜ್ ಸೂಟ್’ ಇದಕ್ಕೆ ಪ್ರತಿಯಾದುದು. ೧೯೫೦ರಲ್ಲಿ ಮಚೀಟೊವಿನ ಮೇಳವು ಚಾರ್ಲಿ ಪಾರ್ಕರನೊಡನೆ ಇದನ್ನು ಮುದ್ರಿಸಿತು. ಓಫಾರಿಲನು ವಕೀಲರ ಮನೆಯ ಮಗ. ತಾನೂ ನ್ಯಾಯಶಾಸ್ತ್ರವನ್ನು ಓದಬೇಕಾದವನು. ಜಾರ್ಜಿಯಾ ಸಂಸ್ಥಾನದ ಸೈನಿಕಶಾಲೆಗೆ ಕಳುಹಿಸಿದಾಗ ಅಲ್ಲಿ ಟ್ರಂಪೆಟ್ಟಿಗೆ ಮನಸೋತನು. ಹವಾನಾಕ್ಕೆ ಮರಳಿ ರಚನಾಶಾಸ್ತ್ರವನ್ನು ಕ್ರಮವಾಗಿ ಕಲಿತನು. ಇವನ ಕೃತಿಯಲ್ಲಿ ಹೊಲಿಗೆ ಕಾಣುವುದಿಲ್ಲ, ಸಂಧಿಗಳೆಲ್ಲ ನಯವಾಗಿವೆ. ಆದರೂ ಕೆಲವೆಡೆಗಳಲ್ಲಿ ಡೋಲಿನವರು ಮಾತನಾಡುವುದಕ್ಕಿಂತ ಬಣ್ಣ ಕೊಡುವುದೇ ಹೆಚ್ಚಾಯಿತೆಂದು ನಮಗೆ ತೋರುತ್ತದೆ. ಆದಾಗ್ಯೂ ಆ ಮೇಳದ ಕೈಗಳು ಇಲ್ಲದೆ ಆ ಬರಹವು ಕಾಗದದಲ್ಲಿಯೇ ಉಳಿಯುತ್ತಿದ್ದಿತು. ಆದುದರಿಂದ ಇಲ್ಲಿಯೂ ನಿಪುಣತೆಯೊಂದೇ ಕಾರಣವಲ್ಲ.

ಪುಯೆಂತೆಯ ವಿಷಯವನ್ನು ವಿಸ್ತರಿಸಬೇಕಾದುದಿಲ್ಲ. ೧೯೨೩ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ತೊರಿಕೊ ದೇಶದ ತಂದೆತಾಯಿಗಳಿಗೆ ಹುಟ್ಟಿ, ಪಿಯಾನೊ ಕಲಿತು, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು, ಸೈನಿಕರಿಗೆ ಸರ್ಕಾರವು ಕೊಟ್ಟ ವಿದ್ಯಾವೇತನದಿಂದ ಜುಲಿಯರ್ಡ್ ಸಂಗೀತಶಾಲೆಯಲ್ಲಿ ಓದಿದನು. ಅವನನ್ನು ಜುಲಿಯರ್ಡಿನವನೆಂದು ಹೊಗಳುವವರು, ಅದಕ್ಕೆ ಮೊದಲೇ ಮಚೀಟೊವಿನ ಮೇಳದಲ್ಲಿ ತಿಂಬಾಲೆ ನುಡಿಸಿ ಪಳಗಿದ್ದನೆಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಕುಲವಿದ್ಯೆಯ ನಿದರ್ಶನವು ಬೇಕೆಂದರೆ ಕಚಾವೊ ಎಂದು ಖ್ಯಾತನಾದ ಇಸ್ರಯೆಲ್ ಲೋಪೆಸನಿದ್ದಾನೆ. ೧೯೧೮ರಲ್ಲಿ ಮಂದ್ರವಾದ್ಯದವರೇ ತುಂಬಿದ್ದ ಮನೆತನದಲ್ಲಿ ಹುಟ್ಟಿ, ಬಾಲ್ಯದಿಂದ ಮೂರು ದಶಕಗಳ ಕಾಲ ಹವಾನಾ ಫಿಲ್ಹಾರ್ಮೋನಿಕ್ಕಿನಲ್ಲಿ ಯೂರೋಪಿನ ಕೃತಿಗಳನ್ನು ನುಡಿಸಿದವನು. ೧೯೫೭ರಲ್ಲಿ, ರಾತ್ರಿಯ ಮೇಳಗಳು ಮುಗಿದ ಮೇಲೆ ಬೆಳಗಿನ ಜಾವದಲ್ಲಿ ಗೆಳೆಯರನ್ನು ಕೂಡಿಸಿ, ಬರಹವಿಲ್ಲದೆ ಮನೋಧರ್ಮದಿಂದಲೇ ‘ದೆಸ್ಕಾರ್ಗಾ’ಗಳನ್ನು ಮುದ್ರಿಸಿದವನೂ ಇವನೇ. ಈತನನ್ನು ಓದಿದವನೆನ್ನೋಣವೇ, ಓದದವನೆನ್ನೋಣವೇ? ಮೊದಲು ಹೇಳಿದ ಹಂಚಿಕೆಯು ಇಲ್ಲಿ ಸಂಪೂರ್ಣವಾಗಿ ಕುಸಿಯುತ್ತದೆ. ಆ ಹಂಚಿಕೆಯವರು ಇವನನ್ನು ಹೆಚ್ಚಾಗಿ ಎತ್ತಿಕೊಳ್ಳದಿರುವುದೂ ಅದಕ್ಕಾಗಿಯೇ ಇರಬಹುದು.

ಬರೆದವರಲ್ಲಿ ಲೆಯೊನಾರ್ದೊ ಅಕೋಸ್ತನನ್ನು ಪ್ರತ್ಯೇಕವಾಗಿ ಹೆಸರಿಸಬೇಕು. ಸ್ವತಃ ಸ್ಯಾಕ್ಸೊಫೋನ್ ವಾದಕನಾಗಿದ್ದ ಇವನು, ಕ್ಯೂಬಾದ ಜಾಜಿನ ನೂರು ವರ್ಷಗಳ ಚರಿತ್ರೆಯನ್ನು ಬರೆದನು. ಅದರ ಇಂಗ್ಲಿಷ್ ಅನುವಾದವು ೨೦೦೩ರಲ್ಲಿ ಹೊರಬಂದಿತು. ಹವಾನಾ ಡೋಲನ್ನು ಕೊಟ್ಟಿತು, ನ್ಯೂಯಾರ್ಕು ಬುದ್ಧಿಯನ್ನು ಕೊಟ್ಟಿತು ಎಂಬ ರೂಢಿಯ ಮಾತನ್ನು ಈ ಗ್ರಂಥವು ನಿಲ್ಲಗೊಡುವುದಿಲ್ಲ. ಹವಾನಾದಲ್ಲಿಯೇ ೧೯೨೦ರ ದಶಕದಿಂದ ಜಾಜ್ ಮೇಳಗಳಿದ್ದುದನ್ನು ಹೆಸರುಗಳ ಸಮೇತ ತೋರಿಸುತ್ತದೆ. ಹೆಸರುಗಳ ಪಟ್ಟಿಯೇ ಅತಿಯಾಗಿ ಓದುವವನು ಆಯಾಸಪಡುವ ಪುಟಗಳೂ ಅದರಲ್ಲಿವೆ. ಆದರೂ ಮರೆತುಹೋಗುತ್ತಿದ್ದವರನ್ನು ಎಣಿಸುವ ಗ್ರಂಥಕ್ಕೆ ಈ ದೋಷವು ಕ್ಷಮ್ಯ.

೧೯೫೯ರ ಕ್ರಾಂತಿಯ ತರುವಾಯ ಕ್ಯೂಬಾದಲ್ಲಿ ಶಿಕ್ಷಣಕ್ರಮವೇ ಬದಲಾಯಿತು. ಸಿರಿವಂತರ ಗಾಲ್ಫ್ ಮೈದಾನವಾಗಿದ್ದ ಸ್ಥಳದಲ್ಲಿ ರಾಷ್ಟ್ರೀಯ ಕಲಾಶಾಲೆಯನ್ನು ಕಟ್ಟಿದರು. ಬಡವರ ಮಕ್ಕಳಿಗೂ ಅಲ್ಲಿ ಉಚಿತವಾಗಿ ಪಾಠ ದೊರೆಯಿತು. ಆ ಪಾಠವು ಯೂರೋಪಿನ ಶಾಸ್ತ್ರೀಯ ಸಂಗೀತದ್ದು. ಅಲ್ಲಿ ಓದಿದ ಟ್ರಂಪೆಟ್ ವಾದಕ ಆರ್ತೂರೊ ಸಂದೋವಾಲನು, ಸೈನ್ಯಸೇವೆಯ ಕಾಲದಲ್ಲಿ ಅಮೆರಿಕದ ಆಕಾಶವಾಣಿಯ ಜಾಜನ್ನು ಕೇಳಿದುದಕ್ಕಾಗಿ ತನ್ನನ್ನು ಸೆರೆಯಲ್ಲಿಟ್ಟರೆಂದು ಹೇಳಿದ್ದಾನೆ. ಶಾಲೆಯು ಕೈಯನ್ನು ಕೊಟ್ಟಿತು, ಕಿವಿಯನ್ನು ಕಳ್ಳತನದಲ್ಲಿ ಸಂಪಾದಿಸಬೇಕಾಯಿತು. ಇಂಥವರನ್ನೇ ಸೇರಿಸಿಕೊಂಡು ಚೂಚೊ ವಾಲ್ದೆಸನು ೧೯೭೩ರಲ್ಲಿ ಇರಾಕೆರೆ ಎಂಬ ಮೇಳವನ್ನು ಕಟ್ಟಿದನು. ಅದರಲ್ಲಿ ಬಟಾ ಡೋಲುಗಳು ಟ್ರಂಪೆಟ್ಟುಗಳ ಪಕ್ಕದಲ್ಲಿ ಕುಳಿತವು.

ಈ ಚೂಚೊವಿನ ಮೊದಲನೆಯ ಗುರುವು ಅವನ ತಂದೆಯಾದ ಪಿಯಾನೊ ವಾದಕ ಬೇಬೊ ವಾಲ್ದೆಸ್. ತಂದೆಯು ೧೯೬೦ರಲ್ಲಿ ದೇಶವನ್ನು ಬಿಟ್ಟು, ೧೯೬೩ರಿಂದ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ನೆಲಸಿ, ಹೋಟೆಲುಗಳಲ್ಲಿ ಪಿಯಾನೊ ನುಡಿಸಿ ಜೀವನ ಸಾಗಿಸಿದನು. ಮಗನ ಮೇಳವು ೧೯೭೮ರಲ್ಲಿ ನ್ಯೂಯಾರ್ಕಿಗೆ ಬಂದಾಗ ಹದಿನೆಂಟು ವರ್ಷಗಳ ಮೇಲೆ ಇಬ್ಬರೂ ಭೇಟಿಯಾದರು. ತಂದೆಯ ಹೊಸ ಮುದ್ರಣಗಳು ೧೯೯೪ರಿಂದ ಬರತೊಡಗಿದುವು. ೨೦೦೮ರಲ್ಲಿ ತಂದೆಮಕ್ಕಳು ಎರಡು ಪಿಯಾನೊಗಳಲ್ಲಿ ನುಡಿಸಿದ ಮುದ್ರಣವೊಂದು ಪ್ರಕಟವಾಯಿತು. ಆಗ ತಂದೆಗೆ ತೊಂಬತ್ತು ವರ್ಷ. ಆ ಮುದ್ರಣವನ್ನು ಕೇಳುವವರು ಎಡಗೈಗಳನ್ನು ಗಮನಿಸಬೇಕು: ಮಗನ ಬಲಗೈಯು ಶಾಲೆಯ ವೇಗವನ್ನೆಲ್ಲ ತೋರಿಸುತ್ತಿರುವಾಗಲೂ, ಇಬ್ಬರ ಎಡಗೈಯೂ ಒಂದೇ ಮನೆಯ ಪಾಠವನ್ನು ಒಪ್ಪಿಸುತ್ತಿರುತ್ತದೆ.